ಯಾದವಗಿರಿಯ ಮನೆ, ನಲ್ಲಿ ಮೇಲಿನ ಕಾಗೆ

ಒಂಬತ್ತನೇ ಕ್ಲಾಸಿಗೆ ಸಮಾಜ ವಿಜ್ಞಾನ ಹೇಳಿಕೊಡುವವಳು ನಾನು. ಹೋದ ತಿಂಗಳು ಪೇಪರಿನಿಂದ ಕತ್ತರಿಸಿದ ಒಂದು ರಾಜಕೀಯ ವ್ಯಂಗ್ಯಚಿತ್ರ ತೋರಿಸಿ, "ಏನನ್ನಿಸುತ್ತೆ ಹೇಳಿ" ಅಂದೆ. ಕ್ಲಾಸಿಗೆ ಕ್ಲಾಸೇ ಸುಮ್ಮನೆ ಕೂತಿತ್ತು. ಕೊನೆಗೆ ಹಿಂದಿನ ಬೆಂಚಿನಿಂದ ಒಂದು ದನಿ: "ಮಿಸ್, ಇದ್ರಲ್ಲಿ ನಗೋದು ಎಲ್ಲಿ?"

ಆರ್.ಕೆ. ಲಕ್ಷ್ಮಣ್ ಹುಟ್ಟಿದ ಊರಿನ ಮಕ್ಕಳು ಹೀಗಂದರೆ ಹೇಗೆ? ಮುಂದಿನ ಭಾನುವಾರ ಮನೆಯವರ ಒಪ್ಪಿಗೆ ಪಡೆದು ಹನ್ನೆರಡು ಮಕ್ಕಳನ್ನು ಕಟ್ಟಿಕೊಂಡು ಹೊರಟೆ. ಜೊತೆಗೆ ಡ್ರಾಯಿಂಗ್ ಪುಸ್ತಕ, ಪೆನ್ಸಿಲ್ಲು, ಒಂದು ದೊಡ್ಡ ಡಬ್ಬಿ ಚಿತ್ರಾನ್ನ.

ಮೊದಲು ಮಹಾರಾಜ ಕಾಲೇಜು. ಭಾನುವಾರದ ನಿಶ್ಶಬ್ದದಲ್ಲಿ ಆ ಹಳೇ ಕಟ್ಟಡ ಇನ್ನೂ ದೊಡ್ಡದಾಗಿ ಕಾಣುತ್ತೆ. 1921ರಲ್ಲಿ ಹುಟ್ಟಿದ ಲಕ್ಷ್ಮಣ್ ಓದಿದ್ದು ಇಲ್ಲೇ. ಮುಂಬೈಯ ಜೆ.ಜೆ. ಕಲಾಶಾಲೆಯವರು ಸೀಟು ಕೊಡದ ಮೇಲೆ ಮೈಸೂರಿನಲ್ಲೇ ಬಿ.ಎ. ಮಾಡಿದರು. ಆ ಕಾಲದಲ್ಲೇ ಅಣ್ಣ ಆರ್.ಕೆ. ನಾರಾಯಣ್ ಕತೆಗಳಿಗೆ 'ದಿ ಹಿಂದೂ' ಪತ್ರಿಕೆಯಲ್ಲಿ ಚಿತ್ರ ಬರೆದರು. ರಾಶಿಯವರ 'ಕೊರವಂಜಿ'ಗೂ ಬರೆದರು.

"ಚಿಕ್ಕ ಹುಡುಗನಾಗಿದ್ದಾಗ ಮನೆಯ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡ್ತಿರಲಿಲ್ಲವಂತೆ. ಶಾಲೆಯ ಮೇಷ್ಟರುಗಳ ಮುಖಾನೂ ಗೀಚೋರಂತೆ. ಅವರಪ್ಪ ಏನಾಗಿದ್ರು ಗೊತ್ತಾ? ಹೆಡ್‌ಮಾಸ್ಟರು!" ಅಂದೆ. ಮಕ್ಕಳು ಹೋ ಅಂತ ನಕ್ಕವು.

ನನಗೆ ನಗು ಬರಲಿಲ್ಲ. ಏಳೆಂಟು ವರ್ಷದ ಹಿಂದೆ ಒಬ್ಬ ಹುಡುಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನನ್ನ ಚಿತ್ರ ಬರೆದಿದ್ದ. ಮೂಗಿನ ತುದಿಗೆ ಕನ್ನಡಕ, ಎತ್ತಿ ಹಿಡಿದ ಸ್ಕೇಲು, ಹಿಂದೆ ಬೋರ್ಡಿನ ಮೇಲೆ 'ಇಂದಿನ ಪಾಠ: ಪ್ರಜಾಪ್ರಭುತ್ವ'. ನಾನು ಹಾಳೆ ಹರಿದು ಬುಟ್ಟಿಗೆ ಹಾಕಿದೆ. ಆ ವರ್ಷವೆಲ್ಲ ಅವನು ನನ್ನ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಈಗ ಯೋಚಿಸಿದರೆ, ನಾನು ಇಷ್ಟು ವರ್ಷದಲ್ಲಿ ನೋಡಿದ ಒಳ್ಳೆಯ ವ್ಯಂಗ್ಯಚಿತ್ರಗಳಲ್ಲಿ ಅದೂ ಒಂದು.

ಅಲ್ಲಿಂದ ಆಟೋಗಳಲ್ಲಿ ಯಾದವಗಿರಿಗೆ. ಬಿಳಿ ಬಣ್ಣದ ಎರಡಂತಸ್ತಿನ ಮನೆ, ಮುಂದಕ್ಕೆ ದುಂಡಗೆ ಚಾಚಿದ ಭಾಗಕ್ಕೆ ಸಾಲಾಗಿ ಕಿಟಕಿಗಳು. ಇದು ನಾರಾಯಣ್ ಕಟ್ಟಿಸಿಕೊಂಡ ಮನೆ. ಲಕ್ಷ್ಮಣ್ ಆ ಹೊತ್ತಿಗೆ ಮುಂಬೈ ಸೇರಿದ್ದರು. 2011ರಲ್ಲಿ ಇದನ್ನು ಒಡೆಯುವ ಕೆಲಸ ಶುರುವಾಗಿ, ಪೇಪರಿನಲ್ಲಿ ಸುದ್ದಿಯಾಗಿ, ನಿಂತು, ದುರಸ್ತಿಯಾಗಿ 2016ರಲ್ಲಿ ಮ್ಯೂಸಿಯಂ ಆಯಿತು. ಒಳಗೆ ಪುಸ್ತಕ, ಪ್ರಶಸ್ತಿ, ಫೋಟೋ, ಅವರು ಹಾಕುತ್ತಿದ್ದ ಬಟ್ಟೆ. 'ಮಾಲ್ಗುಡಿ ಡೇಸ್' ಅಂದರೆ ನಮ್ಮ ಕಾಲದವರಿಗೆ ಶಂಕರ್‌ನಾಗ್ ಧಾರಾವಾಹಿ, ಅದರ ಶುರುವಿನಲ್ಲಿ ಬರುತ್ತಿದ್ದ ಲಕ್ಷ್ಮಣ್ ರೇಖಾಚಿತ್ರ. ಮಕ್ಕಳು ಯೂಟ್ಯೂಬಿನಲ್ಲಿ ನೋಡಿದ್ದವಂತೆ, ಸದ್ಯ!

ಮಧ್ಯಾಹ್ನ ಕುಕ್ಕರಹಳ್ಳಿ ಕೆರೆ ಹತ್ತಿರ ಮರದ ಕೆಳಗೆ ಕೂತೆವು. ನಾನು ತಂದಿದ್ದ 'ಶ್ರೀಸಾಮಾನ್ಯ'ನ ಚಿತ್ರಗಳನ್ನು ಹಂಚಿದೆ. 1951ರಿಂದ ದಶಕಗಳ ಕಾಲ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಬಂದ ಚೌಕಳಿ ಕೋಟಿನ, ಪಂಚೆಯ ಮನುಷ್ಯ ಅವನು. ಮೊದಮೊದಲು ಲಕ್ಷ್ಮಣ್ ಜನರ ಗುಂಪನ್ನೇ ಬರೆಯುತ್ತಿದ್ದರು. ಪೇಪರಿಗೆ ಹೊತ್ತಾಗುತ್ತೆ ಅಂತ ಒಬ್ಬೊಬ್ಬರನ್ನೇ ಬಿಡುತ್ತಾ ಬಂದು ಕೊನೆಗೆ ಉಳಿದವನು ಇವನೊಬ್ಬ. ಅವನೂ ಮಾತಾಡುವುದಿಲ್ಲ, ಬರೀ ನೋಡುತ್ತಾನೆ.

ಮಕ್ಕಳಿಗೆ ನಾಲ್ಕು ಪ್ರಶ್ನೆ ಕೊಟ್ಟೆ. ಮನೆಯಲ್ಲಿ ಪೇಪರ್ ಹಿಡಿದು ನೀವೂ ಕೇಳಬಹುದು. ಚಿತ್ರದಲ್ಲಿ ಯಾರು ದೊಡ್ಡದಾಗಿದ್ದಾರೆ, ಯಾರು ಚಿಕ್ಕದಾಗಿದ್ದಾರೆ? ಯಾವ ವಸ್ತು ಬೇರೆ ಏನನ್ನೋ ಹೇಳುತ್ತಿದೆ, ಕುರ್ಚಿ ಅಂದರೆ ಅಧಿಕಾರ ಅನ್ನುವ ಹಾಗೆ? ಆ ವಾರದ ಸುದ್ದಿ ಏನಿತ್ತು? ನಗು ಯಾರ ಮೇಲೆ, ಕೈಯಲ್ಲಿ ಅಧಿಕಾರ ಇರುವವರ ಮೇಲೋ, ಇಲ್ಲದವರ ಮೇಲೋ?

ನಾಲ್ಕನೆಯದಕ್ಕೆ ಒಂದು ನಿಜವಾದ ಉದಾಹರಣೆ ಹೇಳಿದೆ. ಸಂವಿಧಾನ ರಚನೆ ನಿಧಾನವಾಯಿತೆಂದು ಕಾರ್ಟೂನಿಸ್ಟ್ ಶಂಕರ್ 1949ರಲ್ಲಿ ಒಂದು ಚಿತ್ರ ಬರೆದರು. ಬಸವನಹುಳುವಿನ ಮೇಲೆ ಅಂಬೇಡ್ಕರ್, ಹಿಂದೆ ಚಾಟಿ ಹಿಡಿದ ನೆಹರೂ. ಅದು ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿ ಪುಸ್ತಕದಲ್ಲಿತ್ತು. 2012ರಲ್ಲಿ ಸಂಸತ್ತಿನಲ್ಲೇ ದೊಡ್ಡ ಗದ್ದಲವಾಯಿತು. ಚಾಟಿ ಹುಳುವಿಗೆ ಅಂತ ಕೆಲವರು ಓದಿದರು, ಅಂಬೇಡ್ಕರರಿಗೆ ಅಂತ ಓದಿದವರಿಗೆ ನೋವಾಯಿತು. "ಬರೆದವರ ಮನಸ್ಸಲ್ಲಿ ಏನಿತ್ತು ಅನ್ನೋದಷ್ಟೇ ಸಾಲದು ಕಣ್ರೋ, ನೋಡೋರ ಬೆನ್ನ ಮೇಲೆ ಹಳೇ ಏಟಿದೆಯಾ ಅಂತಾನೂ ಯೋಚಿಸಬೇಕು" ಅಂದೆ. ಅಷ್ಟು ಹೊತ್ತು ಗಲಾಟೆ ಮಾಡುತ್ತಿದ್ದವರು ಸುಮ್ಮನಾದರು.

ಆಮೇಲೆ ಬರೆಯುವ ಸರದಿ. "ನಿಮಗೆ ಗೊತ್ತಿರೋ ವಿಷಯಾನೇ ಬರೀರಿ. ಯಾರದೇ ಬಣ್ಣ, ಮೈ, ಜಾತಿ ಹಿಡಿದು ಆಡಿಕೋಬೇಡಿ" ಅಂದೆ. ಒಬ್ಬ ರಸ್ತೆ ಗುಂಡಿಯಲ್ಲಿ ಮೀನು ಹಿಡಿಯುವವನನ್ನು ಬರೆದ. ಕ್ಲಾಸಿನಲ್ಲಿ ಮಾತೇ ಆಡದ ಒಬ್ಬ ಹುಡುಗಿ ಮರದ ಮೇಲಿನ ಕಾಗೆಯನ್ನೇ ನೋಡುತ್ತಾ ಬಹಳ ಹೊತ್ತು ಕೂತಿದ್ದಳು. ಲಕ್ಷ್ಮಣ್‌ಗೂ ಕಾಗೆ ಅಂದರೆ ಪ್ರಾಣ.

ಅವಳ ಹಾಳೆಯಲ್ಲಿ ನಮ್ಮ ಶಾಲೆಯ ಕುಡಿಯುವ ನೀರಿನ ತೊಟ್ಟಿ. ಮುಕ್ಕಾಲು ಹಾಳೆ ತುಂಬ ಉದ್ಘಾಟನೆಯ ಕಲ್ಲು, ಅದರ ಮೇಲೆ ಹೆಸರುಗಳ ಬದಲು ಬರೀ ಗೆರೆ. ಮೂಲೆಯಲ್ಲಿ ಸಣ್ಣ ನಲ್ಲಿ. ನಲ್ಲಿ ಮೇಲೆ ಕಾಗೆ, ಬಾಯಲ್ಲಿ ಒಂದು ಬೆಣಚುಕಲ್ಲು. ಬಾಯಾರಿದ ಕಾಗೆಯ ಕತೆ ಗೊತ್ತಲ್ಲ! ಒಂದು ಅಕ್ಷರವೂ ಇಲ್ಲ.

"ಮಿಸ್, ಇದನ್ನ ಬೋರ್ಡಿಗೆ ಹಾಕ್ತೀರಾ?" ಅಂದಳು. ಮೆಲ್ಲಗೆ.

ನಿಜ ಹೇಳಬೇಕೆಂದರೆ ತಕ್ಷಣ ಹೂಂ ಅನ್ನಲಿಲ್ಲ. ಆ ಕಲ್ಲಿನ ಮೇಲೆ ಯಾರ್ಯಾರ ಹೆಸರಿದೆ ಅಂತ ನನಗೆ ಗೊತ್ತು. ರಾತ್ರಿ ಸರಿಯಾಗಿ ನಿದ್ದೆಯೂ ಬರಲಿಲ್ಲ. ಹರಿದು ಹಾಕಿದ ಆ ಹಳೇ ಹಾಳೆ ಕಣ್ಣ ಮುಂದೆ ಬರುತ್ತಿತ್ತು.

ಸೋಮವಾರ ಪ್ರಾರ್ಥನೆಗೆ ಮುಂಚೆಯೇ ಹೋಗಿ ಹನ್ನೆರಡೂ ಚಿತ್ರಗಳನ್ನು ಬೋರ್ಡಿಗೆ ಚುಚ್ಚಿದೆ. ಹೆಡ್‌ಮಿಸ್ ಬಂದರು, ಕಾಗೆಯ ಮುಂದೆ ನಿಂತರು, ಕನ್ನಡಕ ಸರಿಮಾಡಿಕೊಂಡರು. "ಯಾರು ಬರೆದದ್ದು?" ಅಂದರು. "ನಾನು ಬರೆಸಿದ್ದು ಮೇಡಂ" ಅಂದೆ. ಏನೂ ಹೇಳದೆ ಒಳಗೆ ಹೋದರು.

ಇದನ್ನು ಬರೆಯುವ ಹೊತ್ತಿಗೆ ಎರಡು ವಾರವಾಯಿತು. ನಲ್ಲಿಯಲ್ಲಿ ನೀರು ಇನ್ನೂ ಬಂದಿಲ್ಲ. ಕಾಗೆಯನ್ನೂ ಯಾರೂ ಕಿತ್ತಿಲ್ಲ.