ಕೌದಿಯ ಮೂಲೆಯ ಹೂಗಳು

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಯನ್ನು ಅರಿಯದವರು ವಿರಳ. ಹುಟ್ಟಿದ ಕೂಸನ್ನು ಮಲಗಿಸುವುದು ಅಜ್ಜಿಯ ಹಳೆಯ ಸೀರೆಯಿಂದ ಹೊಲಿದ ಕೌದಿಯ ಮೇಲೆ. ಬೀಗರು ಬಂದಾಗ ಪಡಸಾಲೆಯಲ್ಲಿ ಹಾಸುವುದು ಕೌದಿ. ಸುಗ್ಗಿಯ ದಿನಗಳಲ್ಲಿ ಕಣ ಕಾಯುವವನು ಇಬ್ಬನಿಯಿಂದ ಮೈ ಕಾಪಾಡಿಕೊಳ್ಳುವುದೂ ಕೌದಿ ಹೊದ್ದೇ. ಉಟ್ಟು ಸವೆದ ಇಳಕಲ್ಲ ಸೀರೆ, ತೊಟ್ಟು ಹರಿದ ಅಂಗಿ, ನೆನೆದು ಒಣಗಿ ಮೆತ್ತಗಾದ ಧೋತರ, ಮಗಳು ಚಿಕ್ಕವಳಿದ್ದಾಗಿನ ಲಂಗದ ತುಂಡು, ಇವೆಲ್ಲ ಒಂದರ ಮಗ್ಗುಲಿಗೊಂದು ಕುಳಿತು ಸೂಜಿಯ ದಾರಕ್ಕೆ ಒಳಗಾದಾಗ ಕೌದಿ ಎನಿಸಿಕೊಳ್ಳುತ್ತದೆ. ಮನೆತನದ ಮೂರು ತಲೆಮಾರು ಒಂದೇ ಹಾಸಿಗೆಯಲ್ಲಿ ಕೂಡಿರುವುದನ್ನು ಕಾಣಬೇಕಾದರೆ ಕೌದಿಯನ್ನೇ ಬಿಡಿಸಿ ನೋಡಬೇಕು. ಅಂಗಡಿಯಲ್ಲಿ ಕೊಂಡ ಯಾವ ಹೊದಿಕೆಗೂ ಈ ಭಾಗ್ಯವಿಲ್ಲ.

ಬಯಲುಸೀಮೆಯ ಈ ಕೌದಿ ನಮಗೆಲ್ಲ ಪರಿಚಿತವಾದುದು. ಆದರೆ ಸಹ್ಯಾದ್ರಿಯ ಸೆರಗಿನಲ್ಲಿ, ಉತ್ತರ ಕನ್ನಡ ಜಿಲ್ಲೆಯ ಕಾಡಿನೊಳಗೆ, ಇನ್ನೊಂದು ಬಗೆಯ ಕೌದಿಯಿದೆ. ಅದನ್ನು ಹೊಲಿಯುವವರು ಸಿದ್ದಿ ಜನಾಂಗದ ತಾಯಂದಿರು. ಕವಂದಿ ಎಂದು ಅವರು ಕರೆಯುವ ಆ ಹೊದಿಕೆಯನ್ನು ಕಣ್ಣಾರೆ ಕಾಣಬೇಕೆಂಬ ಬಯಕೆ ನಮ್ಮಲ್ಲಿ ಬಹುದಿನಗಳಿಂದ ಇದ್ದಿತು. ಕಳೆದ ಬೇಸಗೆಯಲ್ಲಿ ಇಬ್ಬರು ಆತ್ಮೀಯರೊಡನೆ ಧಾರವಾಡದಿಂದ ಹಳಿಯಾಳದ ದಾರಿ ಹಿಡಿದೆವು. ಧಾರವಾಡವನ್ನು ದಾಟಿ ಸ್ವಲ್ಪ ದೂರ ಸಾಗುತ್ತಲೇ ಭೂಮಿಯ ಚಹರೆ ಬದಲಾಗತೊಡಗುತ್ತದೆ. ಎರೆಹೊಲಗಳು ಹಿಂದುಳಿಯುತ್ತವೆ, ಭತ್ತದ ಗದ್ದೆಗಳೂ ಮಾವಿನ ತೋಪುಗಳೂ ಕಾಣಿಸುತ್ತವೆ. ಹಳಿಯಾಳದಿಂದ ಯಲ್ಲಾಪುರದ ಕಡೆ ತಿರುಗಿದರೆ ತೇಗ, ಮತ್ತಿ, ಹೊನ್ನೆ ಮರಗಳು ರಸ್ತೆಯ ಎರಡೂ ಬದಿಗೆ ನಿಂತು ನೆರಳು ಚೆಲ್ಲುತ್ತವೆ. ಬೇಸಗೆಯಲ್ಲಿ ತೇಗದ ಅಗಲವಾದ ಎಲೆಗಳು ಉದುರಿ ನೆಲವೆಲ್ಲ ಕಂದುಬಣ್ಣದ ಹಾಸಿನಂತೆ ತೋರುತ್ತಿತ್ತು. ನೆಲವೂ ತನ್ನ ಹಳೆಯ ಬಟ್ಟೆಯಿಂದ ಒಂದು ಕೌದಿ ಹೊಲಿದುಕೊಂಡಿದೆಯೋ ಎನ್ನುವಂತಿತ್ತು ಆ ನೋಟ.

ಸಿದ್ದಿಯರ ಪೂರ್ವಜರು ಆಫ್ರಿಕ ಖಂಡದವರು. ಅರಬ್ಬರ ವ್ಯಾಪಾರದ ಹಡಗುಗಳಲ್ಲಿ ಕೆಲವರು ಬಂದರು. ೧೬ನೆಯ ಶತಮಾನದಿಂದ ಪೋರ್ತುಗೀಜರು ಗೋವೆಗೆ ಗುಲಾಮರನ್ನಾಗಿ ತಂದವರು ಹಲವರು. ಹಾಗೆ ಬಂದವರಲ್ಲಿ ಸೈನಿಕರಾಗಿ ಮೇಲೇರಿ ರಾಜ್ಯವಾಳಿದವರೂ ಉಂಟು. ಅಹಮದನಗರದ ಮಲಿಕ್ ಅಂಬರ್, ವಿಜಾಪುರದ ಆದಿಲಶಾಹಿಯ ಮಂತ್ರಿ ಇಖ್ಲಾಸ್ ಖಾನ್ ಅಂಥವರು. ಆದರೆ ಅರಮನೆ ಸೇರಿದವರು ಬೆರಳೆಣಿಕೆಯ ಮಂದಿ. ಗೋವೆಯ ಒಡೆಯರ ಮನೆಗಳಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡಿನಲ್ಲಿ ಅಡಗಿ ಬದುಕಿದವರೇ ಇಂದಿನ ಸಿದ್ದಿಯರಲ್ಲಿ ಬಹುಪಾಲು ಜನರ ಹಿರಿಯರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ, ಶಿರಸಿ ತಾಲ್ಲೂಕುಗಳಲ್ಲಿ ಅವರು ನೆಲೆಸಿದ್ದಾರೆ. ಹಿಂದೂಗಳು, ಕ್ರೈಸ್ತರು, ಮುಸಲ್ಮಾನರು ಎಂದು ಮೂರು ಮತಗಳಲ್ಲಿ ಹಂಚಿಹೋಗಿದ್ದರೂ ತಾವೆಲ್ಲ ಒಂದೇ ಬಳ್ಳಿಯ ಕುಡಿಗಳೆಂಬುದನ್ನು ಅವರು ಮರೆತಿಲ್ಲ. ಮನೆಯಲ್ಲಿ ಕೊಂಕಣಿಯ ಒಂದು ಬಗೆ, ಸಂತೆಯಲ್ಲಿ ಕನ್ನಡ, ಕೆಲವೆಡೆ ಮರಾಠಿ, ಉರ್ದು ಅವರ ನಾಲಗೆಯ ಮೇಲಿವೆ. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು; ೨೦೨೦ರಲ್ಲಿ ಅದು ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಯರಿಗೂ ವಿಸ್ತರಿಸಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ನಮ್ಮ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸದನವನ್ನು ಪ್ರವೇಶಿಸಿದ ಮೊದಲ ಸಿದ್ದಿ ಅವರು.

ನಾವು ತಲುಪಿದ ಹಾಡಿಯಲ್ಲಿ ಇಪ್ಪತ್ತಕ್ಕೂ ಮಿಗಿಲಾದ ಮನೆಗಳಿದ್ದವು. ಸಗಣಿ ಸಾರಿಸಿದ ಒಂದು ವಿಶಾಲವಾದ ಅಂಗಳದಲ್ಲಿ, ಹಲಸಿನ ಮರದ ನೆರಳಿನಲ್ಲಿ, ಏಳೆಂಟು ಮಂದಿ ತಾಯಂದಿರು ಒಂದೇ ಕೌದಿಯ ಸುತ್ತ ಕುಳಿತಿದ್ದರು. ಮಳೆ ಹಿಡಿಯುವ ಮುನ್ನ ಹೊಲಿಗೆ ಮುಗಿಯಬೇಕು. ಘಟ್ಟದ ಮಳೆಗಾಲದಲ್ಲಿ ಒದ್ದೆಯಾದ ಕೌದಿ ಬೇಗ ಒಣಗದು. ಕೌದಿಯೊಂದನ್ನು ತುಂಬಲು ಒಬ್ಬಳ ಮನೆಯ ಹಳೆಯ ಬಟ್ಟೆ ಸಾಲದಾಗಿದ್ದರಿಂದ ಪ್ರತಿ ಮನೆಯಿಂದಲೂ ತುಂಡುಗಳು ಬಂದಿದ್ದವು. ಒಂದು ಬಿದಿರಿನ ಬುಟ್ಟಿಯಲ್ಲಿ ಅವನ್ನೆಲ್ಲ ಕೂಡಿಹಾಕಿದ್ದರು. ಯಾವ ತುಂಡು ಯಾರದೆಂದು ಕೇಳಿದರೆ ಪ್ರತಿಯೊಂದಕ್ಕೂ ಉತ್ತರವಿತ್ತು. ಇದು ತೀರಿಹೋದ ಅತ್ತೆಯ ಸೀರೆ, ಇದು ಮಗನ ಶಾಲೆಯ ಅಂಗಿ, ಇದು ಆಚೆ ಮನೆಯವಳ ಮದುವೆಯ ಕುಪ್ಪಸ ಎಂದು ಅವರು ಎತ್ತಿ ಎತ್ತಿ ತೋರಿಸಿದರು.

ಅವರ ಹೊಲಿಗೆಯ ಕ್ರಮವು ಗಮನಿಸತಕ್ಕದ್ದು. ಕೌದಿಯ ಅಡಿಗೆ ಒಂದು ಹತ್ತಿಯ ಹಳೆಯ ಸೀರೆಯನ್ನು ಹಾಸುತ್ತಾರೆ. ತುಂಡುಗಳನ್ನು ಮೊದಲೇ ಒಂದಕ್ಕೊಂದು ಜೋಡಿಸಿ ಆಮೇಲೆ ಸೀರೆಗೆ ಹಚ್ಚುವ ಪದ್ಧತಿ ಅವರದಲ್ಲ. ಒಂದು ಮೂಲೆಯಲ್ಲಿ ಮೊದಲ ತುಂಡನ್ನಿರಿಸಿ, ಅದರ ಅಂಚನ್ನು ಒಳಕ್ಕೆ ಮಡಿಚಿ, ಅಡಿಯ ಸೀರೆಯನ್ನೂ ಸೇರಿಸಿ ಓಟದ ಹೊಲಿಗೆ ಹಾಕುತ್ತಾರೆ. ಅದರ ಅಂಚಿನ ಮೇಲೆ ಎರಡನೆಯದು, ಅದಕ್ಕೆ ತಾಗಿ ಮೂರನೆಯದು. ಹೀಗೆ ಅಂಚಿನುದ್ದಕ್ಕೂ ಸುತ್ತುಬಂದು, ಸುತ್ತುಗಳು ಒಳಗೊಳಗೆ ಕಿರಿದಾಗುತ್ತ, ಕಟ್ಟಕಡೆಗೆ ನಡುಮಧ್ಯದಲ್ಲಿ ಕೂಡುತ್ತವೆ. ಸಾಲುಸಾಲಾಗಿ ಕಾಣುವ ದಪ್ಪ ದಾರದ ಹೊಲಿಗೆ, ನೇಗಿಲ ಸಾಲುಗಳಂತೆ, ಬಟ್ಟೆಯ ಪದರಗಳನ್ನು ಹಿಡಿದಿಡುತ್ತದೆ. ಪದರಗಳ ನಡುವೆ ಸಿಕ್ಕ ಗಾಳಿಯೇ ಬೆಚ್ಚನೆಯ ಗುಟ್ಟು. ಅಳತೆಪಟ್ಟಿಯಿಲ್ಲ, ಬರೆದಿಟ್ಟ ನಕ್ಷೆಯಿಲ್ಲ. ಕೈಯೇ ಅಳತೆ, ಕಣ್ಣೇ ನಕ್ಷೆ. ಕೆಂಪಿನ ಮಗ್ಗುಲಿಗೆ ಹಸಿರು ಬೇಕೇ ಹಳದಿ ಬೇಕೇ ಎಂಬುದನ್ನು ಸೂಜಿ ಹಿಡಿದವಳು ಆ ಕ್ಷಣದಲ್ಲಿ ನಿಶ್ಚಯಿಸುತ್ತಾಳೆ. ದೊಡ್ಡ ತುಂಡುಗಳ ಮೇಲೆ ಚಿಕ್ಕ ಚಿಕ್ಕ ಬಣ್ಣದ ತುಣುಕುಗಳನ್ನು ಇಟ್ಟು ಅಲಂಕರಿಸುವುದೂ ಉಂಟು. ಕೂಸಿನ ಕೌದಿಯಲ್ಲಿ ಇವು ವಿಶೇಷವಾಗಿ ಕಾಣುತ್ತವೆ. ಕ್ರೈಸ್ತ ಮನೆಯವಳು ಶಿಲುಬೆಯ ಆಕಾರವನ್ನೂ ಮುಸಲ್ಮಾನ ಮನೆಯವಳು ಬಾಲಚಂದ್ರನನ್ನೂ ಇಡುತ್ತಾಳೆ. ನಾವು ಕಂಡ ಕೌದಿಯಲ್ಲಿ ಎರಡೂ ಇದ್ದವು.

ನಾಲ್ಕು ಸುತ್ತು ಅಂಚು ಮುಗಿದರೂ ಅವರ ಲೆಕ್ಕದಲ್ಲಿ ಕೌದಿ ಮುಗಿಯುವುದಿಲ್ಲ. ಬಟ್ಟೆಯ ಚೂರುಗಳನ್ನು ಮುಕ್ಕೋಣವಾಗಿ ಮಡಿಚಿ, ಎಲೆಯ ಮೇಲೆ ಎಲೆಯಿಟ್ಟಂತೆ ಪದರಗೂಡಿಸಿ, ನಾಲ್ಕು ಮೂಲೆಗೂ ಒಂದೊಂದನ್ನು ಹೊಲಿಯುತ್ತಾರೆ. ಅದಕ್ಕೆ ಫೂಲಾ, ಅಂದರೆ ಹೂ, ಎಂದು ಹೆಸರು. ಅದರಿಂದ ಚಳಿ ತಡೆಯುವುದಿಲ್ಲ. ಬಾಳಿಕೆ ಹೆಚ್ಚುವುದೂ ಇಲ್ಲ. ಆದರೂ ಹೂವಿಲ್ಲದ ಕೌದಿ ಬತ್ತಲೆ ಎಂಬುದು ಸಿದ್ದಿ ತಾಯಂದಿರ ದೃಢವಾದ ಮಾತು.

ನಾವು ಹೋದ ದಿನ ಆ ಅಂಗಳದಲ್ಲಿ ನಡೆಯುತ್ತಿದ್ದ ಚರ್ಚೆಯೂ ಈ ಹೂವನ್ನು ಕುರಿತದ್ದೇ ಆಗಿತ್ತು. ದೂರದ ಪಟ್ಟಣದ ವ್ಯಾಪಾರಿಯೊಬ್ಬರು ಹನ್ನೆರಡು ಕೌದಿಗಳು ಬೇಕೆಂದು ಹೇಳಿಕಳುಹಿಸಿದ್ದರು. ಬೆಲೆಯೂ ಸಮಾಧಾನಕರವಾಗಿತ್ತು. ಆದರೆ ಮೂಲೆಯ ಹೂ ಬೇಡ, ಮಡಿಚಿ ಕಟ್ಟುವಾಗ ಅಲ್ಲಿ ಗಂಟಿನಂತೆ ಉಬ್ಬುತ್ತದೆ, ಬಟ್ಟೆ ಒಗೆಯುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ ಎಂಬುದು ಅವರ ಕರಾರು. ಶಿಲುಬೆ, ಚಂದ್ರರೂ ಇರಕೂಡದೆಂದಿದ್ದರು.

ಎಪ್ಪತ್ತು ದಾಟಿದ ಹಿರಿಯಳೊಬ್ಬಳು ಸೂಜಿಯನ್ನು ಕೆಳಗಿಟ್ಟು, “ನನ್ನ ತಾಯಿ ಹೂವಿಲ್ಲದ ಕೌದಿಯನ್ನು ಮನೆಯಿಂದ ಹೊರಗೆ ಕಳಿಸಲಿಲ್ಲ. ನಾನೂ ಕಳಿಸುವುದಿಲ್ಲ” ಎಂದಳು. ಅವಳೆದುರು ಕುಳಿತಿದ್ದ ಮಧ್ಯವಯಸ್ಸಿನ ತಾಯಿಗೆ ಪಟ್ಟಣದಲ್ಲಿ ನರ್ಸಿಂಗ್ ಓದುತ್ತಿರುವ ಮಗಳಿದ್ದಾಳೆ. “ಅಜ್ಜಿ, ಕೌದಿ ಬತ್ತಲೆಯಾದರೆ ನಿನಗೆ ನಾಚಿಕೆ. ಫೀ ಕಟ್ಟದೆ ಮಗಳು ಓದು ಬಿಟ್ಟು ಬಂದರೆ ನನಗೆ ಏನು?” ಎಂದು ಅವಳು ಕೇಳಿದಳು. ಅಂಗಳದಲ್ಲಿ ಯಾರೂ ಮಾತನಾಡಲಿಲ್ಲ. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಹಿರಿಯರ ಸಂಪ್ರದಾಯವನ್ನು ಕೊಂಡಾಡುವುದು ದೂರದಿಂದ ಬಂದ ನಮ್ಮಂಥವರಿಗೆ ಸುಲಭ; ಅದರ ಬೆಲೆಯನ್ನು ತೆರುವವರು ಅಲ್ಲಿ ಕುಳಿತ ತಾಯಂದಿರು.

ಅವರು ನಮ್ಮ ಅಭಿಪ್ರಾಯವನ್ನು ಕೇಳಿದರು. ಹೂವಿನ ಅರ್ಥವೇನೆಂದು ಆ ವ್ಯಾಪಾರಿಗೆ ಯಾರಾದರೂ ತಿಳಿಸಿದ್ದೀರಾ ಎಂದು ನಾವು ಕೇಳಿದೆವು. ಯಾರೂ ತಿಳಿಸಿರಲಿಲ್ಲ, ಕೊಳ್ಳುವವನಿಗೆ ವಿವರಿಸಬಹುದೆಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ. ನರ್ಸಿಂಗ್ ಓದುವ ಹುಡುಗಿಯೇ ರಜೆಯಲ್ಲಿ ಬಂದಾಗ ಕಾಗದ ಬರೆಯಲೆಂದೂ, ಅಲ್ಲಿಯವರೆಗೆ ಕೌದಿಗಳನ್ನು ಹೂ ಸಹಿತವಾಗಿಯೇ ಹೊಲಿಯುವುದೆಂದೂ ಕೊನೆಗೆ ತೀರ್ಮಾನವಾಯಿತು. ಎರಡು ತಿಂಗಳ ತರುವಾಯ ನಮಗೆ ತಿಳಿದುಬಂದ ಸಂಗತಿಯಿಷ್ಟು: ಆ ವ್ಯಾಪಾರಿ ಐದು ಕೌದಿಗಳನ್ನು ಹೂ, ಶಿಲುಬೆ, ಚಂದ್ರರ ಸಮೇತ ಒಪ್ಪಿಕೊಂಡರು, ಉಳಿದ ಏಳು ಬೇಡವೆಂದರು. ಏಳರ ಹಣ ಕೈಗೆ ಬರಲಿಲ್ಲ. ಮಗಳ ಶುಲ್ಕಕ್ಕೆ ಕಡಮೆ ಬಿದ್ದುದನ್ನು ಆ ತಾಯಿ ಕೂಲಿ ಮಾಡಿ ತುಂಬಿದಳು. ಇದನ್ನು ಗೆಲವು ಎನ್ನಲಾರೆವು; ಸೋಲು ಎನ್ನುವುದಕ್ಕೂ ಮನಸ್ಸು ಬಾರದು.

ಈ ಕೌದಿಗಳ ಕೀರ್ತಿ ಸಮುದ್ರದಾಚೆಗೂ ಹಬ್ಬಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಸಿದ್ದಿಯರ ನಡುವೆ ಇದ್ದು ಈ ಕಲೆಯನ್ನು ಅಭ್ಯಸಿಸಿದರು. ೨೦೦೪ರಲ್ಲಿ ಕೌದಿ ಹೊಲಿಯುವ ಸಿದ್ದಿ ಮಹಿಳೆಯರದೇ ಒಂದು ಸಹಕಾರಿ ಕೂಟ ರೂಪುಗೊಂಡಿತು. ೨೦೧೧ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ಏರ್ಪಟ್ಟಿತು. ಅದೇ ಅಮೆರಿಕದ ಅಲಬಾಮ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ನದೀತೀರದ ಹಳ್ಳಿಯಿದೆ. ಅಲ್ಲಿನ ಕರಿಯ ತಾಯಂದಿರೂ ಗುಲಾಮರಾಗಿ ತರಲ್ಪಟ್ಟವರ ಸಂತತಿಯವರೇ. ಹೊಲದ ಕೆಲಸದಲ್ಲಿ ಸವೆದ ಬಟ್ಟೆಗಳಿಂದ ಅವರು ಹೊಲಿದ ಕೌದಿಗಳು ೨೦೦೨ರಲ್ಲಿ ಹ್ಯೂಸ್ಟನ್ನಿನ ಕಲಾಸಂಗ್ರಹಾಲಯದ ಗೋಡೆಯನ್ನೇರಿದವು. ೨೦೦೬ರಲ್ಲಿ ಆ ದೇಶದ ಅಂಚೆಚೀಟಿಗಳ ಮೇಲೂ ಕಾಣಿಸಿದವು. ಒಂದರಿಂದ ಮತ್ತೊಂದು ಹುಟ್ಟಿತೆಂದು ಇದರ ಅರ್ಥವಲ್ಲ. ಎರಡು ದಿಕ್ಕಿಗೆ ಒಯ್ಯಲ್ಪಟ್ಟ ಜನ, ಎಲ್ಲವನ್ನೂ ಕಳೆದುಕೊಂಡ ಮೇಲೂ, ಕೈಗೆ ಸಿಕ್ಕ ಚಿಂದಿಯಿಂದಲೇ ಚೆಲುವನ್ನು ಕಟ್ಟಿಕೊಂಡರು ಎಂಬುದಷ್ಟೇ ಇಲ್ಲಿನ ತಾತ್ಪರ್ಯ.

ದುಡಿಯುವ ಕೈಯ ಹಿರಿಮೆಯನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ನೂಲು ತೆಗೆಯುವ ಕದಿರ ರೆಮ್ಮವ್ವೆಗೂ ಸೂಜಿಕಾಯಕದ ರಾಮಿತಂದೆಗೂ ಶರಣರ ಬಳಗದಲ್ಲಿ ಸಮಾನವಾದ ಮನ್ನಣೆಯಿತ್ತು. ಅವರ ಕಾಯಕವೇ ಅವರ ಹೆಸರಿಗೆ ಅಂಟಿ ಇಂದಿನವರೆಗೆ ಉಳಿದಿದೆ. ಆದರೆ ಇಂದು ಪಟ್ಟಣದ ಅಂಗಡಿಯಲ್ಲಿ ತೂಗುಹಾಕಿದ ಕೌದಿಗೆ ಬೆಲೆಯ ಚೀಟಿಯಿರುತ್ತದೆ, ಹೊಲಿದವಳ ಹೆಸರು ಅನೇಕ ವೇಳೆ ಇರುವುದಿಲ್ಲ. ಹೂವನ್ನು ಕತ್ತರಿಸುವುದಕ್ಕಿಂತ ಇದೇನು ಕಡಮೆಯ ಕೊರತೆಯಲ್ಲ.

ಕೌದಿಗೆ ಒದಗಿದ ಕಷ್ಟಗಳು ಬೇರೆಯೂ ಇವೆ. ಹತ್ತಿಯ ಸೀರೆ ಉಡುವವರು ಹಳ್ಳಿಗಳಲ್ಲಿಯೂ ವಿರಳವಾಗುತ್ತಿದ್ದಾರೆ. ಪಾಲಿಯೆಸ್ಟರ್ ಬಟ್ಟೆ ಸೂಜಿಯ ಕೆಳಗೆ ಜಾರುತ್ತದೆ, ಮಡಿಚಿದ ಅಂಚು ನಿಲ್ಲುವುದಿಲ್ಲ, ಬೆವರನ್ನು ಹೀರುವುದಿಲ್ಲ. ಪಾಣಿಪತ್ತಿನ ಅಗ್ಗದ ಕಂಬಳಿ ಸಂತೆಯಲ್ಲಿ ಸಿಗುವಾಗ ವಾರಗಟ್ಟಲೆ ಕುಳಿತು ಹೊಲಿಯುವವರಾರೆಂದು ಕಿರಿಯರು ಕೇಳುತ್ತಾರೆ. ಬಯಲುಸೀಮೆಯ ನಮ್ಮ ಮನೆಗಳಲ್ಲಿಯೂ ಇದೇ ಮಾತು. ಅಟ್ಟದ ಮೇಲಿನ ಕೌದಿಯನ್ನು ಇಲಿ ಕಡಿಯಿತೆಂದು ಹೊರಗೆ ಹಾಕುವ ಸೊಸೆಯಂದಿರಿಗೆ ಅದರಲ್ಲಿ ಯಾರ ಯಾರ ಸೀರೆಗಳಿವೆಯೆಂದು ಹೇಳುವ ಅತ್ತೆಯಂದಿರೂ ಕಡಮೆಯಾಗುತ್ತಿದ್ದಾರೆ.

ಆದುದರಿಂದ ಓದುಗ ಬಂಧುಗಳಲ್ಲಿ, ವಿಶೇಷವಾಗಿ ತಾಯಂದಿರಲ್ಲಿ, ನಮ್ಮ ಬಿನ್ನಹವಿಷ್ಟೆ. ಮನೆಯ ಹಿರಿಯರು ಉಟ್ಟ ಹತ್ತಿಯ ಸೀರೆಗಳನ್ನು ಪಾತ್ರೆಯವನಿಗೆ ಹಾಕಿ ಒಂದು ಬಟ್ಟಲನ್ನು ಪಡೆಯುವ ಮುನ್ನ ಒಮ್ಮೆ ಯೋಚಿಸಿರಿ. ಒಂದು ಬುಟ್ಟಿಯಲ್ಲಿ ಅವನ್ನು ಕೂಡಿಡಿರಿ. ಹೊಲಿಯಬಲ್ಲವರು ನೆರೆಯಲ್ಲಿದ್ದರೆ ನಾಲ್ಕು ಮನೆಯವರು ಕೂಡಿ ಒಂದು ಕೌದಿಯನ್ನಾದರೂ ಹೊಲಿಯಿರಿ, ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿರಿ. ಹಳಿಯಾಳ, ಯಲ್ಲಾಪುರಗಳ ಕಡೆಗೆ ಪ್ರವಾಸ ಹೋದಾಗ ಜಲಪಾತಗಳನ್ನು ನೋಡಿ ಹಿಂದಿರುಗದೆ ಆ ಹಾಡಿಗಳಿಗೂ ಹೋಗಿರಿ. ಅವರು ಹಾಸಿದ ಕೌದಿಯ ಮೇಲೆ ಅವರೊಡನೆ ಕುಳಿತು ಮಾತನಾಡಿರಿ. ಕೊಳ್ಳುವುದಾದರೆ ಚೌಕಾಶಿ ಮಾಡದೆ ಕೊಳ್ಳಿರಿ, ಹೊಲಿದವಳ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಮನೆಗೆ ತಂದ ಮೇಲೆ ನಾಲ್ಕು ಮೂಲೆಗಳನ್ನೂ ತಡವಿ ನೋಡಿರಿ. ಅಲ್ಲಿ ಹೂಗಳಿದ್ದರೆ, ಅವು ಅಲ್ಲಿರುವುದಕ್ಕಾಗಿ ಯಾರೋ ಒಬ್ಬ ತಾಯಿ ಒಂದಿಷ್ಟನ್ನು ಬಿಟ್ಟುಕೊಟ್ಟಿರಬಹುದೆಂಬ ನೆನಪು ನಿಮಗಿರಲಿ.