ಎರಡನೆಯ ಕ್ಯಾಮರಾ

ಮನೆಯಲ್ಲಿ ಒಂದು ಕ್ಯಾಮರಾ ಇರುವಾಗ ಇನ್ನೊಂದೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಸಿದ್ಧಪಡಿಸಿಕೊಳ್ಳದೆ ಗೃಹಸ್ಥನಾದವನು ಅಂಗಡಿಯ ಮೆಟ್ಟಿಲನ್ನು ಹತ್ತಬಾರದು. ಅಡಿಗೆಮನೆಯಲ್ಲಿ ಸೌಟುಗಳು ಐದಿದ್ದರೂ ಕೇಳುವವರಿಲ್ಲ; ಅನ್ನಕ್ಕೊಂದು, ಸಾರಿಗೊಂದು, ಮಜ್ಜಿಗೆಗೊಂದು ಎಂದು ಅವುಗಳಲ್ಲಿ ಕೆಲಸದ ಹಂಚಿಕೆ ಉಂಟು. ಕ್ಯಾಮರಾದ ವಿಷಯದಲ್ಲಿ ಮಾತ್ರ ಈ ನ್ಯಾಯವನ್ನು ಯಾರೂ ಒಪ್ಪುವುದಿಲ್ಲ. “ಇರುವುದಕ್ಕೆ ಏನಾಗಿದೆ?” ಎಂದು ನಮ್ಮ ಮನೆಯವರು ಕೇಳಿದರು. ಏನೂ ಆಗಿರಲಿಲ್ಲ. ತೊಡಕಿದ್ದುದೇ ಅಲ್ಲಿ.

ಹಿಂದೆ ಫಿಲ್ಮಿನ ಕಾಲದಲ್ಲಿ ಎರಡು ಕ್ಯಾಮರಾ ಹೊರುವುದಕ್ಕೆ ಎಲ್ಲರೂ ಒಪ್ಪತಕ್ಕ ಕಾರಣವಿತ್ತು. ಒಂದರಲ್ಲಿ ಕಪ್ಪುಬಿಳುಪಿನ ಸುರುಳಿ, ಮತ್ತೊಂದರಲ್ಲಿ ಬಣ್ಣದ್ದು. ಮೂವತ್ತಾರು ಚಿತ್ರ ಮುಗಿಯುವವರೆಗೆ ಸುರುಳಿಯನ್ನು ಬದಲಾಯಿಸುವಂತಿರಲಿಲ್ಲ. ಈಗ ಆ ಕಾರಣ ಅಳಿದುಹೋಗಿದೆ. ಉಳಿದಿರುವುದು ಲೆನ್ಸಿನ ಕಾರಣ. ನಮ್ಮ ಸೀಮೆಯಲ್ಲಿ ಅದು ಬೇರೆ ಕಡೆಗಿಂತ ಬಲವಾಗಿದೆಯೆಂದು ನಮ್ಮ ಅಭಿಪ್ರಾಯ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಸಾರಿದರು. ಆ ಬಂಡೆಯ ಗೋಡೆಯಲ್ಲಿ ಕುಳಿತ ಹಕ್ಕಿಯನ್ನು ಕೆಳಗಿನಿಂದ ಹಿಡಿಯಬೇಕಾದರೆ ಮೊಳದುದ್ದದ ಲೆನ್ಸು ಬೇಕು. ಅದೇ ಬೆಟ್ಟದಿಂದಿಳಿದು ಹತ್ತಿರದ ಹಳ್ಳಿಯ ಹುಳುಮನೆಯೊಂದಕ್ಕೆ ಹೋದರೆ, ಅಲ್ಲಿ ನೋಡಬೇಕಾದುದು ರೇಷ್ಮೆ ಹುಳುವಿನ ಬೆನ್ನ ಮೇಲಿನ ಒಂದು ಚುಕ್ಕೆ. ಒಂದೇ ಯಂತ್ರ ಎರಡಕ್ಕೂ ಒದಗೀತು. ನಡುವೆ ಲೆನ್ಸನ್ನು ಕಳಚಿ ಹಾಕಬೇಕು, ಅಷ್ಟೆ.

ಆ ‘ಅಷ್ಟೆ’ ಎಂಬಲ್ಲಿಯೇ ನಮ್ಮ ಕಥೆಯೆಲ್ಲ ಇದೆ. ಹುಳುಮನೆಯನ್ನು ಕಾಣದ ವಾಚಕರಿಗಾಗಿ ಒಂದೆರಡು ಮಾತು. ಮೊಟ್ಟೆಯಿಂದ ಹೊರಬಂದಾಗ ಮೂರು ಮಿಲಿಮೀಟರಿನಷ್ಟಿರುವ ಹುಳು ನಾಲ್ಕು ವಾರದೊಳಗೆ ಏಳೆಂಟು ಸೆಂಟಿಮೀಟರು ಬೆಳೆಯುತ್ತದೆ. ನಡುವೆ ನಾಲ್ಕು ಬಾರಿ ಚರ್ಮವನ್ನು ಕಳಚುತ್ತದೆ. ಇದಕ್ಕೆ ನಮ್ಮ ರೈತರು ಜ್ವರವೆನ್ನುತ್ತಾರೆ. ಮೊದಲನೆಯ ಜ್ವರ, ಎರಡನೆಯ ಜ್ವರ ಎಂದು ಎಣಿಕೆ. ತಲೆಯೆತ್ತಿಕೊಂಡು, ಮೇವು ಬಿಟ್ಟು, ಮಾತನಾಡದ ಮಗುವಿನ ಹಾಗೆ ಕುಳಿತಿರುವ ಹುಳುವನ್ನು ಕಂಡವರಿಗೆ ಆ ಹೆಸರಿನ ಔಚಿತ್ಯ ತಾನಾಗಿ ತಿಳಿಯುತ್ತದೆ. ಜ್ವರದ ಹೊತ್ತಿನಲ್ಲಿ ಹಾಸಿಗೆ ಒಣಗಲೆಂದು ಸುಣ್ಣದ ಪುಡಿಯನ್ನು ಉದುರಿಸುತ್ತಾರೆ. ಜ್ವರದಿಂದೆದ್ದ ಮೇಲೆ ಸೋಂಕು ತಗಲದಿರಲೆಂದು ಬೇರೊಂದು ಪುಡಿಯನ್ನು ಎರಚುತ್ತಾರೆ. ಇಂತಹ ಮನೆಯೊಳಗೆ ನಿಂತು ಲೆನ್ಸನ್ನು ಕಳಚಿದರೆ ಏನಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೆಳಕನ್ನು ಹಿಡಿಯುವ ಫಲಕದ ಮೇಲೆ ಕಣವೊಂದು ಕುಳಿತುಬಿಡುತ್ತದೆ. ದೂರದ ಚಿತ್ರದಲ್ಲಿ, ಲೆನ್ಸಿನ ಬಾಯಿ ಅಗಲವಾಗಿ ತೆರೆದಿರುವಾಗ, ಅದು ಕಾಣುವುದಿಲ್ಲ. ಹತ್ತಿರದ ಚಿತ್ರಕ್ಕೆ ಬಾಯಿಯನ್ನು ಕಿರಿದುಮಾಡಿದ ಕೂಡಲೆ ಕರಿಯ ಚುಕ್ಕೆಯಾಗಿ ಮೂಡುತ್ತದೆ.

ಬೇರೆ ಚಿತ್ರವಾದರೆ ಚುಕ್ಕೆ ಬಂದರೆ ಬಂದೀತು. ರೇಷ್ಮೆ ಹುಳುವಿನ ಚಿತ್ರದಲ್ಲಿ ಕರಿಯ ಚುಕ್ಕೆಗೆ ಅರ್ಥವೇ ಬೇರೆ. ಊಜಿ ನೊಣವೆಂಬುದು 1980ರಲ್ಲಿ ನಮ್ಮ ರಾಜ್ಯಕ್ಕೆ ಪಶ್ಚಿಮ ಬಂಗಾಳದ ಕಡೆಯಿಂದ ಬಂದು ಸೇರಿದ ಶತ್ರು. ಅದು ಹುಳುವಿನ ಮೈಮೇಲೆ ಅರ್ಧ ಮಿಲಿಮೀಟರಿನಷ್ಟು ಉದ್ದದ ಬಿಳಿಯ ಮೊಟ್ಟೆಯನ್ನಿಡುತ್ತದೆ. ಎರಡು ಮೂರು ದಿನದಲ್ಲಿ ಅದರೊಳಗಿನ ಮರಿ ಹುಳುವಿನ ಚರ್ಮವನ್ನು ಕೊರೆದು ಒಳಹೊಗುತ್ತದೆ. ಹೊಕ್ಕ ಜಾಗದಲ್ಲಿ ಒಂದು ಕರಿಯ ಕಲೆ ಉಳಿಯುತ್ತದೆ. ಅಂತಹ ಹುಳು ಗೂಡು ಕಟ್ಟಿದರೂ ಶತ್ರು ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಒಂದೇ ಎಳೆಯಾಗಿ ನೂಲು ಬಿಚ್ಚಲು ಬಾರದು. ರಾಮನಗರದ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಆದುದರಿಂದ, ಕನಕಪುರದ ಕಡೆಯ ಸಾಕಣೆಗಾರರೊಬ್ಬರು ನಾವು ತೋರಿಸಿದ ಚಿತ್ರವನ್ನು ಬಹಳ ಹೊತ್ತು ನೋಡಿ, “ಸ್ವಾಮಿ, ಇದು ಊಜಿಯ ಕಲೆಯೋ, ನಿಮ್ಮ ಮಿಷನ್ನಿನ ಧೂಳೋ?” ಎಂದು ಕೇಳಿದುದು ಚಿತ್ರಕಲೆಯ ಪ್ರಶ್ನೆಯಾಗಿರಲಿಲ್ಲ. ಅದು ಒಂದು ಬೆಳೆಯ ಪ್ರಶ್ನೆ. ಅದೇ ಹುಳುವಿನ ಬೇರೆ ನಾಲ್ಕು ಚಿತ್ರಗಳನ್ನು ತೆಗೆದು ನೋಡಿದೆವು. ಹುಳು ಸರಿದರೂ ಚುಕ್ಕೆ ಚೌಕಟ್ಟಿನ ಅದೇ ಮೂಲೆಯಲ್ಲಿ ನಿಂತಿತ್ತು. ಧೂಳೆಂದು ತಿಳಿದು ಅವರು ಉಸಿರುಬಿಟ್ಟರು. ಎರಡನೆಯ ಕ್ಯಾಮರಾ ಬೇಕೆಂಬುದು ನಮಗೆ ಆ ದಿನ ನಿಶ್ಚಯವಾಯಿತು: ಹತ್ತಿರದ ಲೆನ್ಸು ಒಂದು ಯಂತ್ರಕ್ಕೆ ಅಂಟಿದ ಹಾಗೆಯೇ ಇರಬೇಕು, ಹುಳುಮನೆಯೊಳಗೆ ಅದನ್ನು ಕಳಚಕೂಡದು. ಊರೂರು ಸುತ್ತಿದ ದೊಡ್ಡ ಚೀಲವೂ ಒಳಕ್ಕೆ ಬರಕೂಡದು. ಚಪ್ಪಲಿಯನ್ನು ಹೊರಗೆ ಬಿಟ್ಟು ಕೈ ತೊಳೆದು ಒಳಗೆ ಹೋಗುವ ಮನೆಯಲ್ಲಿ ಚೀಲಕ್ಕೇನು ವಿಶೇಷ ಮರ್ಯಾದೆ?

ಇನ್ನು ಯಾವುದನ್ನು ಕೊಳ್ಳುವುದು ಎಂಬ ಮಾತು. ನಮ್ಮಲ್ಲಿದ್ದುದು ನಿಕಾನ್ ಡಿ610, 2013ರದು, ದೊಡ್ಡ ಫಲಕದ್ದು. ಹತ್ತಿರದ ಚಿತ್ರಕ್ಕೆ ಅದೇ ಕಂಪನಿಯ 105 ಮಿಲಿಮೀಟರಿನ ಮೈಕ್ರೊ ಲೆನ್ಸು. ಲೆನ್ಸು ಇರುವುದರಿಂದ ಬೇರೆ ಕಂಪನಿಯ ಯೋಚನೆಯೇ ಇಲ್ಲ. ತಿಳಿದ ಮಿತ್ರರೊಬ್ಬರು, “ಅದರ ಅವಳಿಯನ್ನೇ ತನ್ನಿ, ದೊಡ್ಡ ಫಲಕದ ಮುಂದೆ ಚಿಕ್ಕ ಫಲಕ ಎಷ್ಟರದು!” ಎಂದರು. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆವು. ವಸ್ತು ಎಷ್ಟು ದೊಡ್ಡದೋ ಫಲಕದ ಮೇಲೂ ಅಷ್ಟೇ ದೊಡ್ಡದಾಗಿ ಬೀಳುವಂತೆ ಲೆನ್ಸನ್ನು ಹತ್ತಿರ ತಂದರೆ, ಊಜಿಯ ಮೊಟ್ಟೆ ಫಲಕದ ಮೇಲೂ ಅರ್ಧ ಮಿಲಿಮೀಟರೇ. ಡಿ610ರ ಫಲಕದ ಅಗಲ ಸುಮಾರು 36 ಮಿಲಿಮೀಟರು, ಅದರಲ್ಲಿ ಸುಮಾರು 6000 ಬಿಂದುಗಳು. ಆದುದರಿಂದ ಮೊಟ್ಟೆಯ ಪಾಲಿಗೆ ಬರುವುದು ಸುಮಾರು 84 ಬಿಂದು. ಡಿ5600 ಎಂಬುದು ಅದೇ ಕಂಪನಿಯ ಅಗ್ಗದ ಯಂತ್ರ, 2016ರದು. ಅದರ ಫಲಕ 23.5 ಮಿಲಿಮೀಟರು ಮಾತ್ರ, ಬಿಂದುಗಳು ಅದೇ 6000. ಮೊಟ್ಟೆಗೆ ಬರುವುದು ಸುಮಾರು 128. ಸಣ್ಣದನ್ನು ನೋಡುವ ಕೆಲಸಕ್ಕೆ ಅಗ್ಗದ್ದೇ ಮೇಲಾಯಿತು! ಇದು ಪೂರ್ತಿ ನಿಜವಲ್ಲವೆಂದೂ ಹೇಳಿಬಿಡಬೇಕು. ಲೆನ್ಸಿನ ಬಾಯಿಯನ್ನು ತೀರ ಕಿರಿದುಮಾಡಿದರೆ ಬೆಳಕು ಚದರಿ ಚಿತ್ರ ಮಬ್ಬಾಗುತ್ತದೆ. ಬಿಂದುಗಳು ಕಿರಿದಾದಷ್ಟೂ ಆ ಮಬ್ಬು ಬೇಗ ಕಾಣುತ್ತದೆ. ಬಾಯಿಯನ್ನು ತೆರೆದರೆ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರಿಗೂ ಕಡಮೆಯಾಗುತ್ತದೆ. ಈ ಎರಡರ ನಡುವೆ ಹೇಗೋ ಸಂಸಾರ ಮಾಡಬೇಕು. ಕತ್ತಲಲ್ಲಿ ಮದುವೆಯ ಮಂಟಪವನ್ನು ಹಿಡಿಯುವುದಕ್ಕೆ ದೊಡ್ಡ ಫಲಕವೇ ಸರಿ. ನಮಗೆ ಬೇಕಾದುದು ಅದಲ್ಲ.

ಡಿ7500 ಎಂಬ ನಡುತರದ ಯಂತ್ರ ನಮ್ಮನ್ನು ಒಂದು ವಾರ ಕಾಡಿತು. ಅದರದೂ ಚಿಕ್ಕ ಫಲಕ, ಬಿಂದುಗಳು ತುಸು ಕಡಮೆ. ಮೈಗಟ್ಟು, ನಮ್ಮ ಹಳೆಯ ಯಂತ್ರದ ಬ್ಯಾಟರಿಯೂ ಅದಕ್ಕೆ ಹೊಂದುತ್ತದೆ. ಡಿ5600ಕ್ಕೆ ಬೇರೆ ಬ್ಯಾಟರಿ, ಬೇರೆ ಚಾರ್ಜರು. ಬ್ಯಾಟರಿಯ ಒಂದು ಗುಣಕ್ಕಾಗಿಯೇ ಹೆಚ್ಚು ಹಣ ಕೊಡಬಹುದೆಂದು ನಮಗೆ ಒಮ್ಮೆ ತೋರಿತ್ತು. ತೀರ್ಮಾನ ಮಾಡಿದುದು ನಮ್ಮ ಮಂಡಿ. ಹುಳುಗಳನ್ನಿಡುವ ಅಟ್ಟಣೆಯಲ್ಲಿ ತಳದ ಅಂತಸ್ತು ನೆಲಕ್ಕೆ ಹತ್ತಿರವಿರುತ್ತದೆ. ಡಿ610ರ ಹಿಂದಿನ ಪರದೆ ಅಲ್ಲಾಡದು. ಅದರಲ್ಲಿ ನೋಡಬೇಕಾದರೆ ನೆಲದ ಮೇಲೆ ಮಲಗಬೇಕು. ಡಿ7500ರ ಪರದೆ ಮೇಲಕ್ಕೂ ಕೆಳಕ್ಕೂ ವಾಲುತ್ತದೆ. ಡಿ5600ರದು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ತೆರೆದು ಬೇಕಾದ ಕಡೆಗೆ ತಿರುಗುತ್ತದೆ; ಕ್ಯಾಮರಾವನ್ನು ನಿಲುವಾಗಿ ಹಿಡಿದರೂ ಕಾಣುತ್ತದೆ. ತೂಕ, ಬ್ಯಾಟರಿ ಸಹಿತ, 465 ಗ್ರಾಂ. ಡಿ7500 ಆದರೆ 720. ಮುಂದೆ ಭಾರವಾದ ಲೆನ್ಸನ್ನು ಹೊತ್ತು ಉಸಿರು ಬಿಗಿಹಿಡಿದು ನಿಲ್ಲಬೇಕಾದವನಿಗೆ ಈ ಕಾಲು ಕಿಲೋ ಸಣ್ಣದಲ್ಲ. ಕನ್ನಡಿಯಿಲ್ಲದ ಹೊಸ ಜಾತಿಯ ಯಂತ್ರಗಳ ಮಾತನ್ನೂ ಮಿತ್ರರು ಎತ್ತಿದರು. ಒಳ್ಳೆಯವೇ, ನಮ್ಮ ಹಣದ ಚೀಲಕ್ಕೆ ಒಳ್ಳೆಯವಲ್ಲ.

“ಫೋನಿನಲ್ಲೇ ಎಲ್ಲರೂ ತೆಗೆಯುತ್ತಾರಲ್ಲ?” ಎಂದು ಮನೆಯವರು ಇನ್ನೊಮ್ಮೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಫೋನನ್ನು ಹುಳುವಿಗೆ ಎರಡು ಮೂರು ಬೆರಳಿನಷ್ಟು ಹತ್ತಿರ ಒಯ್ಯಬೇಕಾಗುತ್ತದೆ. ಆಗ ಅದರ ನೆರಳೇ ಹುಳುವನ್ನು ಮುಚ್ಚುತ್ತದೆ. ನಮ್ಮ ಲೆನ್ಸು ಒಂದು ಗೇಣಿಗೆ ತುಸು ಕಡಮೆ ದೂರದಲ್ಲಿ ನಿಲ್ಲುತ್ತದೆ, ಪಕ್ಕದಿಂದ ಬೆಳಕು ಬೀಳಲು ಎಡೆಯಿರುತ್ತದೆ. ಅವರು ಒಪ್ಪಿದರು. ಆದರೆ ಹೊಸದು ಬೇಡವೆಂಬ ಷರತ್ತಿನ ಮೇಲೆ. ಸೋದೆಯ ಒಲೆಯನ್ನೂ ಹಳೆಯದನ್ನೇ ಕೊಂಡು ಹದಿನೈದು ವರ್ಷ ಬಾಳಿಸಿದ ಕೈ ಅವರದು.

ಬಳಸಿದ ಕ್ಯಾಮರಾವನ್ನು ಕೊಳ್ಳುವವರು ಎರಡು ಪರೀಕ್ಷೆಗಳನ್ನು ಅಂಗಡಿಯಲ್ಲಿಯೇ ಮಾಡಬೇಕು. ಈವರೆಗೆ ಎಷ್ಟು ಚಿತ್ರ ತೆಗೆದಿದೆ ಎಂಬ ಎಣಿಕೆಯನ್ನು ಕೇಳಿ ನೋಡುವುದು ಒಂದು. ಲೆನ್ಸಿನ ಬಾಯಿಯನ್ನು ಪೂರ್ತಿ ಕಿರಿದುಮಾಡಿ ಬಿಳಿಯ ಗೋಡೆಯ ಚಿತ್ರ ತೆಗೆದು ಚುಕ್ಕೆಗಳನ್ನು ಹುಡುಕುವುದು ಮತ್ತೊಂದು. ನಾವು ಗೋಡೆಯ ಚಿತ್ರ ತೆಗೆಯುತ್ತಿದ್ದುದನ್ನು ಕಂಡು ಅಂಗಡಿಯ ಹುಡುಗನಿಗೆ ನಗು ಬಂದಿತು. ಗೋಡೆ ನಿರ್ಮಲವಾಗಿತ್ತು.

ಮನೆಗೆ ತಂದ ಮೇಲೆ ಮೊದಲ ಪರೀಕ್ಷೆಗೆ ಕುಳಿತದ್ದು ಚನ್ನಪಟ್ಟಣದ ಬೊಂಬೆ. ಆಲೆಮರದ ತುಂಡು ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಆ ಹೊಳಪು ಚಿತ್ರಗಾರನಿಗೆ ವೈರಿ. ಬೊಂಬೆಯ ಹೊಟ್ಟೆಯಲ್ಲಿ ಕಿಟಕಿ, ದೀಪ, ನಮ್ಮ ಮೂಗು ಎಲ್ಲವೂ ಕಾಣುತ್ತವೆ. ದೀಪಕ್ಕೆ ತೆಳುವಾದ ಬಿಳಿಯ ಪಂಚೆಯನ್ನು ಅಡ್ಡ ಹಿಡಿಸಿದ ಮೇಲೆ ಅರಗಿನ ಮೇಲಿನ ನವುರಾದ ಉಂಗುರಗಳು ಎದ್ದುಬಂದವು. ಹುಳುವಿನ ಒದ್ದೆ ಮೈಗೂ ಇದೇ ಉಪಾಯವೆಂದು ಅಲ್ಲಿಯೇ ತಿಳಿಯಿತು. ಮಾಗಡಿಯ ಸಾವನದುರ್ಗದಲ್ಲಿ ಬಂಡೆಗೆ ಹತ್ತಿದ ಕಲ್ಲುಹೂವನ್ನೂ ಒಂದು ಬೆಳಗ್ಗೆ ತೆಗೆದೆವು. ಅದು ಅಲುಗದು, ಮೇವು ತಿನ್ನದು. ಅದಕ್ಕಿಂತ ಸುಲಭವಾದ ಕೆಲಸವಿಲ್ಲ.

ಕನಕಪುರದ ಕಡೆಯ ಆ ಮನೆಗೆ ಮತ್ತೆ ಹೋದಾಗ ಹುಳುಗಳು ನಾಲ್ಕನೆಯ ಜ್ವರದಿಂದೆದ್ದು ಮೂರು ದಿನವಾಗಿತ್ತು. ಸೊಪ್ಪಿನ ಮೇಲೆ ಸೋನೆ ಮಳೆ ಬಿದ್ದಂತೆ ಮೇಯುವ ಸದ್ದು. ತಳದ ಅಂತಸ್ತಿನಲ್ಲಿ ಒಂದು ಹುಳುವಿನ ಪಕ್ಕೆಯ ಮೇಲೆ ಬಿಳಿಯ ಮೊಟ್ಟೆಯೊಂದು ಸಿಕ್ಕಿತು. ಪರದೆಯನ್ನು ತಿರುಗಿಸಿ ಸಾಕಣೆಗಾರರ ತಾಯಿಗೆ ತೋರಿಸಿದೆವು. ಅವರು ಸೆರಗಿನಿಂದ ಕಣ್ಣೊರಸಿಕೊಂಡು ನೋಡಿ, “ಇಷ್ಟುದ್ದ ಐತಲ್ಲಪ್ಪ!” ಎಂದರು. ಇನ್ನೆರಡು ಚಿತ್ರ ತೆಗೆದು ಹೋಲಿಸಿದೆವು. ಹುಳು ಸರಿಯಿತು, ಬಿಳಿಯದೂ ಅದರ ಜೊತೆಗೇ ಸರಿಯಿತು. ಮಗ ಏನೂ ಹೇಳದೆ ಎದ್ದು, ಹಿಂಬದಿಯ ಕಿಟಕಿಗೆ ಕಟ್ಟಿದ್ದ ನೈಲಾನ್ ಬಲೆಯನ್ನು ಅಂಚಿನಿಂದ ಅಂಚಿಗೆ ಬೆರಳಾಡಿಸಿ ನೋಡತೊಡಗಿದರು.