ಹೊಳೆಯ ದಾರಿಯೋ, ಗುಡ್ಡದ ದಾರಿಯೋ?

ಆಗಸ್ಟ್ ಬಂತೆಂದರೆ ಟಿ.ಬಿ. ಡ್ಯಾಂನ ಚಹಾ ಅಂಗಡಿಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಗೇಟ್ ಬಿಟ್ಟಾರೇನ್ರೀ?’ ಬಿಟ್ಟ ಸುದ್ದಿ ಹರಡಿದರೆ ಸಾಕು, ಹೊಸಪೇಟೆಯಿಂದ ಆಟೋಗಳಲ್ಲಿ ಜನ ಬಂದಿಳಿಯುತ್ತಾರೆ. ನೊರೆಗರೆಯುತ್ತ ಧುಮುಕುವ ತುಂಗಭದ್ರೆಯನ್ನು ಕಣ್ತುಂಬ ನೋಡಿ, ಸುಟ್ಟ ಮೆಕ್ಕೆಜೋಳ ತಿಂದು ಮರಳುತ್ತಾರೆ.

ಹರೆಯದವರಿಗೆ ಅಷ್ಟಕ್ಕೇ ಸಮಾಧಾನವಿಲ್ಲ. ಅವರಿಗೆ ನಡೆದು ತಲುಪುವ, ತಲೆಯೊಡ್ಡಿ ನಿಲ್ಲುವ ನೀರು ಬೇಕು. ಜೋಗದಂಥ ಜಲಪಾತ ಈ ಸೀಮೆಯಲ್ಲಿಲ್ಲ. ಇರುವುದು ಎರಡು ದಾರಿ: ಹಂಪಿ, ಸಾಣಾಪುರದ ಕಡೆ ಹೊಳೆಯ ದಾರಿ, ಸಂಡೂರಿನ ಕಡೆ ಗುಡ್ಡದ ದಾರಿ. ಆಯ್ಕೆ ತಪ್ಪಿದರೆ ತೆರಬೇಕಾದ ಬೆಲೆ ದೊಡ್ಡದು.

ಹೊಳೆಯ ದಾರಿಯ ಚೆಲುವಿಗೆ ಸಾಟಿಯಿಲ್ಲ. ಬಾಳೆತೋಟ ದಾಟಿದರೆ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಬಂಡೆಗಳ ಸಾಮ್ರಾಜ್ಯ. ಅವುಗಳ ಸಂದಿಯಲ್ಲಿ ನೀರು ನುಗ್ಗಿ, ಜಾರಿ, ಪುಟ್ಟ ಪುಟ್ಟ ಜಲಪಾತಗಳಾಗುತ್ತದೆ. ಸುಳಿಯಲ್ಲಿ ಸಿಕ್ಕ ಕಲ್ಲುಗಳು ತಿರುತಿರುಗಿ ಬಂಡೆಯಲ್ಲೇ ಒರಳಿನಂಥ ಕುಳಿಗಳನ್ನು ಕೊರೆದಿವೆ. ನೋಡಲು ಚೆಂದ. ಕಾಲು ಜಾರಿ ಬಿದ್ದವನಿಗೆ ಹಿಡಿದುಕೊಳ್ಳಲು ಏನೂ ಸಿಗದು. ನೀರಡಿಯ ಬಂಡೆಯ ಸಂದು ಈಜು ಬಲ್ಲವರನ್ನೂ ಬಿಡದು. 2025ರ ಫೆಬ್ರುವರಿಯಲ್ಲಿ ಪ್ರವಾಸಕ್ಕೆ ಬಂದಿದ್ದ ಯುವತಿಯೊಬ್ಬರು ಸಾಣಾಪುರದ ಬಳಿ ಬಂಡೆಯಿಂದ ಹೊಳೆಗೆ ಜಿಗಿದರು, ಜೀವಂತವಾಗಿ ಮರಳಲಿಲ್ಲ. ಅದು ಮಳೆಗಾಲವೂ ಅಲ್ಲ.

ಇನ್ನೊಂದು ಸಂಗತಿ ಹೊರಗಿನಿಂದ ಬಂದವರಿಗೆ ತಿಳಿಯದು. ಇಲ್ಲಿ ಹೊಳೆ ಏರಲು ಇಲ್ಲಿ ಮಳೆಯಾಗಬೇಕಿಲ್ಲ. ಮಲೆನಾಡಿನಲ್ಲಿ ಸುರಿದದ್ದು ಜಲಾಶಯ ತುಂಬುತ್ತದೆ. ಗೇಟು ಎತ್ತಿದರೆ ಸುಡುಬಿಸಿಲಿನಲ್ಲೂ ಹಂಪಿಯಲ್ಲಿ ಪ್ರವಾಹ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯುಸೆಕ್ ಬಿಟ್ಟರೆ ಸೆಕೆಂಡಿಗೆ 28 ಲಕ್ಷ ಲೀಟರ್! ಹೊಳೆ ಹೀಗೆ ತುಂಬಿದಾಗ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿ ಸೇತುವೆಯ ಮೇಲೂ ನೀರು ಹರಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ಅಣೆಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಬಾಯಿ ಮುಚ್ಚಲು ಸುಮಾರು ಒಂದು ವಾರ ಹಿಡಿಯಿತು. ಬಂಡೆಯ ನಡುವೆ ಬುತ್ತಿ ಬಿಚ್ಚಿ ಕುಳಿತವರು ನೆನಪಿಡಬೇಕಾದ ಘಟನೆ ಇದು.

ಗುಡ್ಡದ ದಾರಿಯ ಸ್ವಭಾವವೇ ಬೇರೆ. ಸೆಪ್ಟೆಂಬರಿನಲ್ಲಿ ಸಂಡೂರನ್ನು ನೋಡಬೇಕು ಎಂದು ಗಾಂಧೀಜಿ ಹೇಳಿದ್ದರೆಂಬ ಮಾತು ಇಲ್ಲಿನವರ ಬಾಯಲ್ಲಿದೆ. ಅವರು ಸಂಡೂರಿಗೆ ಬಂದದ್ದು 1934ರಲ್ಲಿ. ಆ ತಿಂಗಳಲ್ಲಿ ಸ್ವಾಮಿಮಲೆಯ ಸಾಲು ಹಸಿರುಟ್ಟು, ಮಂಜು ಹೊದ್ದು ನಿಂತಿರುತ್ತದೆ. ಕುಮಾರಸ್ವಾಮಿ ದೇವಸ್ಥಾನದ ಹಾದಿಯಲ್ಲಿ ಮಳೆ ಬಿದ್ದ ಮೇಲೆ ಅಲ್ಲಲ್ಲಿ ತೊರೆಗಳು ಇಳಿಯುತ್ತವೆ. ಹರಿಶಂಕರದಲ್ಲಿ ಬುಗ್ಗೆಯ ನೀರಿದೆ. ನಾರಿಹಳ್ಳ ಗುಡ್ಡಸಾಲನ್ನು ಸೀಳಿ ಸಾಗುವ ಓಬಳಗಂಡಿ, ಭೀಮಗಂಡಿಗಳು ಕಿರಿದಾದರೂ ಗಂಭೀರ.

ಇಲ್ಲಿನ ಬೀಳುಗಳು ಅಲ್ಪಾಯುಷಿಗಳು. ಕಾಡಿನ ಮಣ್ಣು ಹೀರಿಟ್ಟುಕೊಂಡ ನೀರು ಸೋರುವವರೆಗಷ್ಟೇ ಅವುಗಳ ಜೀವ. ಗಿಡಮರವಿದ್ದಲ್ಲಿ ತೊರೆ ಹೆಚ್ಚು ದಿನ ಉಳಿಯುತ್ತದೆ, ಅಗೆದು ಬೋಳಾದಲ್ಲಿ ಮಳೆ ನಿಂತೊಡನೆ ಬತ್ತುತ್ತದೆ. ಅದಿರಿನ ಸೀಮೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ.

ಹಾಗಾದರೆ ಆಯ್ಕೆ ಹೇಗೆ? ಗೇಟು ತೆರೆದ ದಿನಗಳಲ್ಲಿ ಹೊಳೆಯನ್ನು ದೂರದಿಂದಲೇ ನೋಡಿ, ಗುಡ್ಡ ಹತ್ತುವುದು ಲೇಸು. ನೀರು ಇಳಿದ ಮೇಲೆ ಹಂಪಿಯ ಬಂಡೆಗಳತ್ತ ಹೋಗಬಹುದು, ಊರಿನವರೊಬ್ಬರು ಜೊತೆಗಿದ್ದರೆ ಮಾತ್ರ. ಹರಿಗೋಲು ಹಾಕುವವರು ‘ಬ್ಯಾಡ್ರೀ’ ಎಂದರೆ ಅದೇ ಕೊನೆಯ ಮಾತಾಗಲಿ. ಗುಡ್ಡದಲ್ಲಿ ತೊರೆಯ ನೀರು ಒಮ್ಮೆಲೇ ಕೆಂಪಾಗಿ ಕಸಕಡ್ಡಿ ತೇಲಿ ಬಂದರೆ ಮೇಲೆ ಮಳೆಯಾಗಿದೆ ಎಂದರ್ಥ. ಕೂಡಲೇ ದಂಡೆ ಏರಬೇಕು. ದರೋಜಿ ಕರಡಿಧಾಮ ಇರುವ ಸೀಮೆ ಇದು. ಬೆಳಕು ಹರಿದ ಮೇಲೆ ಹೊರಟು, ಹೊತ್ತು ಮುಳುಗುವ ಮುನ್ನ ಮರಳುವುದು ಜಾಣತನ.

ಹೊಸಪೇಟೆಯಿಂದ ಸಂಡೂರಿಗೆ ಸುಮಾರು 30 ಕಿ.ಮೀ.; ಬಸ್ಸುಗಳಿವೆ. ಕಾಡಿನ ಒಳದಾರಿಗೆ ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಬೇಕು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಸಾಕು. ಎಲ್ಲಿಗೆ ಹೊರಟಿದ್ದೇವೆಂದು ಮನೆಯಲ್ಲಿ ಹೇಳಿ ಹೋಗುವುದನ್ನು ಮರೆಯಬಾರದು. ನೀರು ಮುಂದಿನ ಮಳೆಗೂ ಬರುತ್ತದೆ. ನೋಡಲು ನಾವೂ ಇರಬೇಕಲ್ಲ!